ನಿಂಬೆ ಹೊರಟ ಮೇಲೆ ಉಳಿಯುವುದು

ಇಟಲಿಯ ಪಾರ್ಮಾ ನಗರದಲ್ಲಿ ನಾನು ಹೋಗುತ್ತಿದ್ದ ಕ್ಷೌರದಂಗಡಿಯಲ್ಲಿ ಇದ್ದದ್ದು ಎರಡೇ ಕುರ್ಚಿ. ಆಹಾರದ ಪೊಟ್ಟಣ ಕಟ್ಟುವ ಯಂತ್ರಗಳನ್ನು ತಯಾರಿಸುವ ಒಂದು ಕಂಪನಿಯ ಕೆಲಸದ ಮೇಲೆ ಆ ಊರಿನಲ್ಲಿ ಹದಿನಾಲ್ಕು ತಿಂಗಳು ಉಳಿದಿದ್ದೆ. ಪೋ ನದಿಯ ಬಯಲಿನಲ್ಲಿ ನವೆಂಬರ್ ತಿಂಗಳಿನ ಮಂಜು ಬೆಳಗಿನ ಹತ್ತು ಗಂಟೆಯಾದರೂ ಬೀದಿ ಬಿಟ್ಟು ಕದಲುವುದಿಲ್ಲ. ಅಂಥದೊಂದು ಶನಿವಾರ ಮೊದಲ ಸಲ ಅಲ್ಲಿ ಮುಖಕ್ಷೌರ ಮಾಡಿಸಿಕೊಂಡೆ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲ್ಲು, ಬ್ರಶ್ಶಿನಿಂದ ಎಬ್ಬಿಸಿದ ಸೋಪಿನ ನೊರೆ, ಎರಡು ಸುತ್ತು ಕತ್ತಿ, ಕಡೆಗೆ ತಣ್ಣೀರು. ಅದೆಲ್ಲ ಮುಗಿದ ಮೇಲೆ, ಅರವತ್ತು ದಾಟಿದ ಆ ಕ್ಷೌರಿಕರು ಕನ್ನಡಿಯ ಕೆಳಗಿನ ಹಲಗೆಯಿಂದ ಒಂದು ಸೀಸೆ ತೆಗೆದು, ಅಂಗೈಗೆ ನಾಲ್ಕಾರು ಹನಿ ಸುರಿದುಕೊಂಡು, ಎರಡೂ ಕೈಗಳನ್ನು ಒಮ್ಮೆ ತೀಡಿ, ನನ್ನ ಕೆನ್ನೆಗೂ ಕತ್ತಿನ ಹಿಂಭಾಗಕ್ಕೂ ಮೆಲ್ಲಗೆ ತಟ್ಟಿದರು. ಮದ್ಯಸಾರ ಚುರುಕ್ಕೆಂದಿತು. ಅದರ ಬೆನ್ನಿಗೇ ನಿಂಬೆ, ಕಿತ್ತಳೆ, ಹೆಸರು ಗೊತ್ತಿಲ್ಲದ ಇನ್ನೊಂದು ಹುಳಿಹಣ್ಣು ಇವುಗಳ ಸಿಪ್ಪೆಯನ್ನು ಮೂಗಿನ ಮುಂದೆಯೇ ಹಿಂಡಿದಂತೆ ಪರಿಮಳ ಎದ್ದಿತು. ನಿಂಬೆಯ ವಾಸನೆ ಬಹಳ ಚೆನ್ನಾಗಿದೆ ಎಂದೆ. ಇಟಲಿಯಲ್ಲಿ ಪರಿಚಯ ಹೆಚ್ಚಿಲ್ಲದ ಗಿರಾಕಿಯನ್ನು ಅವನ ಪದವಿಯಿಂದಲೇ ಕರೆಯುವ ರೂಢಿಯಿದೆ. "ಇಂಜೆನ್ಯೇರೆ, ಈಗಲೇ ಹೇಳಬೇಡಿ. ನಿಂಬೆ ಮೊದಲು ಓಡಿಹೋಗುತ್ತದೆ. ಸೇತುವೆ ದಾಟಿದ ಮೇಲೆ ಇನ್ನೊಮ್ಮೆ ಮೂಸಿ ನೋಡಿ" ಎಂದರು.

ಸೇತುವೆ ದಾಟಿ ಮನೆ ಸೇರುವಷ್ಟರಲ್ಲಿ ಇಪ್ಪತ್ತು ನಿಮಿಷ ಕಳೆದಿತ್ತು. ನಿಂಬೆ ಹೋಗಿತ್ತು. ಅದರ ಜಾಗದಲ್ಲಿ, ಇಸ್ತ್ರಿ ಮಾಡಿ ಮಡಿಸಿಟ್ಟ ಹತ್ತಿಬಟ್ಟೆಯನ್ನು ನೆನಪಿಸುವ, ತುಸು ಒಣಹುಲ್ಲಿನಂತೆಯೂ ತುಸು ಮದ್ದಿನ ಗಿಡದಂತೆಯೂ ಇರುವ ತಂಪು ಕಂಪೊಂದು ಕಾಲರಿನ ಸುತ್ತ ನಿಂತಿತ್ತು. ಅದು ಲ್ಯಾವೆಂಡರ್ ಎಂಬುದು ಗೊತ್ತಾಯಿತು. ಆದರೆ ನಿಂಬೆ ಎಲ್ಲಿ ಮುಗಿಯಿತು, ಲ್ಯಾವೆಂಡರ್ ಎಲ್ಲಿಂದ ಶುರುವಾಯಿತು ಎಂಬ ಗಡಿಯನ್ನು ದಾರಿಯುದ್ದಕ್ಕೂ ಹುಡುಕಿದರೂ ನನಗೆ ಸಿಕ್ಕಿರಲಿಲ್ಲ. ಮುಂದಿನ ಶನಿವಾರವೂ ಸಿಗಲಿಲ್ಲ. ಆ ಗಡಿ ಏಕೆ ಸಿಗುವುದಿಲ್ಲ ಎಂಬ ಪ್ರಶ್ನೆಯೇ ನನ್ನನ್ನು ಈ ಸುಗಂಧದ ಬೆನ್ನು ಹತ್ತುವಂತೆ ಮಾಡಿತು.

ಆ ಸೀಸೆಯಲ್ಲಿದ್ದದ್ದು ಆಕ್ವಾ ದಿ ಪಾರ್ಮಾ ಎಂಬ ಸಂಸ್ಥೆಯ ಕೊಲೋನಿಯ ಎಂಬ ಸುಗಂಧ. ಕಾರ್ಲೋ ಮಾನ್ಯಾನಿ ಎಂಬ ಶ್ರೀಮಂತರು 1916ರಲ್ಲಿ ಇದೇ ಊರಿನ ಹಳೆಯ ಪೇಟೆಯ ಒಂದು ಸಣ್ಣ ಪ್ರಯೋಗಶಾಲೆಯಲ್ಲಿ ಇದನ್ನು ಮಾಡಿಸಿದರು. ಮೊದಲು ಮೂಗಿಗೆ ಸಿಗುವ ಮೇಲುಪದರದಲ್ಲಿ ಸಿಸಿಲಿಯ ನಿಂಬೆ ಮತ್ತು ಕಿತ್ತಳೆ, ಕಲಾಬ್ರಿಯಾದ ಬೆರ್ಗಮೊಟ್ ಎಂಬ ಹುಳಿಹಣ್ಣು; ನಡುವೆ ಲ್ಯಾವೆಂಡರ್, ರೋಸ್‌ಮರಿ, ವರ್ಬೀನಾ, ಒಂದಿಷ್ಟು ಗುಲಾಬಿ; ಕಡೆಯವರೆಗೆ ಉಳಿಯುವ ತಳದಲ್ಲಿ ಲಾವಂಚ, ಶ್ರೀಗಂಧ, ಪಚೋಲಿ. ಪೆಟ್ಟಿಗೆಯ ಹಳದಿ, ಆ ಊರಿನ ಹಳೆಯ ಮನೆಗಳ ಗೋಡೆಗಳಿಗೆ ಬಳಿದಿರುವ ಹಳದಿಯೇ. ಮೇಲಿರುವ ಲಾಂಛನ 1816ರಿಂದ 1847ರವರೆಗೆ ಪಾರ್ಮಾವನ್ನು ಆಳಿದ ಮರಿಯಾ ಲುಯಿಜಾ ಕಾಲದ್ದು. ನೆಪೋಲಿಯನ್ನನ ಎರಡನೆಯ ಹೆಂಡತಿಯಾಗಿದ್ದ ಆಕೆಗೆ ನೀಲಿನೇರಳೆ ಬಣ್ಣದ ವಯೊಲೆಟ್ ಹೂವೆಂದರೆ ಪ್ರಾಣ. ಹಾಗಾಗಿ ಕೊಲೋನಿಯ ಹುಟ್ಟುವ ಮೊದಲು ಪಾರ್ಮಾ ಎಂದರೆ ಸುಗಂಧದ ವ್ಯಾಪಾರಿಗಳಿಗೆ ವಯೊಲೆಟ್ ಹೂವಿನ ಸಿಹಿ ಕಂಪೇ ಆಗಿತ್ತು. ಅಂಥ ಊರಿನಿಂದ ಇಷ್ಟು ಒಣ, ಇಷ್ಟು ಹಗುರ, ಸಿಹಿಯ ಸೋಂಕೇ ಹೆಚ್ಚಿಲ್ಲದ ಸುಗಂಧ ಹೊರಟಿತು ಎಂಬುದು ನನಗೆ ಈಗಲೂ ವಿಶೇಷವಾಗಿ ತೋರುತ್ತದೆ.

ಇದರ ಬೇರು ಇನ್ನೂ ಇನ್ನೂರು ವರ್ಷ ಹಿಂದೆ ಇದೆ. ಸ್ವಿಟ್ಜರ್ಲೆಂಡಿನ ಗಡಿಗೆ ಅಂಟಿಕೊಂಡಂತಿರುವ ವಿಜೆತ್ಸೋ ಕಣಿವೆಯ ಸಾಂತಾ ಮರಿಯಾ ಮಜ್ಜೋರೆ ಎಂಬ ಹಳ್ಳಿಯಲ್ಲಿ 1685ರಲ್ಲಿ ಜೊವಾನ್ನಿ ಮರಿಯಾ ಫರೀನಾ ಹುಟ್ಟಿದ. ಆ ಕಣಿವೆಯ ಬಡ ಹುಡುಗರು ಹೊಗೆಗೂಡು ಬಳಿಯುವ ಕೆಲಸ ಹುಡುಕಿಕೊಂಡು ಉತ್ತರದ ನಗರಗಳಿಗೆ ವಲಸೆ ಹೋಗುತ್ತಿದ್ದರು. ವ್ಯಾಪಾರಸ್ಥರ ಮನೆತನದ ಫರೀನಾ ಸೇರಿದ್ದು ಜರ್ಮನಿಯ ಕಲೋನ್ ನಗರವನ್ನು. ಅವನ ಮನೆಯವರು ಅಲ್ಲಿ 1709ರಲ್ಲಿ ತೆರೆದ ಅಂಗಡಿ ಇಂದಿಗೂ ಇದೆ. ಯುರೋಪಿನ ದೊಡ್ಡವರೆಲ್ಲ ಕಸ್ತೂರಿ, ಪುನುಗು, ಅಂಬರುಗಳ ದಟ್ಟ ವಾಸನೆಯಲ್ಲಿ ಮುಳುಗಿದ್ದ ಕಾಲದಲ್ಲಿ ಆತ ಶುದ್ಧ ಮದ್ಯಸಾರದಲ್ಲಿ ಹುಳಿಹಣ್ಣುಗಳ ಸಿಪ್ಪೆಯ ಎಣ್ಣೆಯನ್ನು ಬೆರೆಸಿ, ನೀರಿನಷ್ಟು ತೆಳುವಾದ ಸುಗಂಧವನ್ನು ಮಾಡಿದ. ಮಳೆ ನಿಂತ ಮೇಲಿನ ಇಟಲಿಯ ವಸಂತದ ಮುಂಜಾವು, ಬೆಟ್ಟದ ಹೂವು, ಕಿತ್ತಳೆಯ ಹೂವು ತನಗೆ ಇದರಲ್ಲಿ ಸಿಕ್ಕಿದವು ಎಂಬ ಅರ್ಥದ ಮಾತನ್ನು ಅವನು ಅಣ್ಣನಿಗೆ ಬರೆದ ಕಾಗದದಲ್ಲಿ ಹೇಳಿದ್ದಾನೆ. ಊರು ಬಿಟ್ಟವನು ಊರಿನ ಬೆಳಗನ್ನು ಸೀಸೆಗೆ ತುಂಬಿಸಿದ್ದು ಅದು. ತನಗೆ ಆಶ್ರಯ ಕೊಟ್ಟ ನಗರದ ಹೆಸರನ್ನೇ ಅದಕ್ಕಿಟ್ಟ. ಫ್ರೆಂಚ್ ಭಾಷೆಯಲ್ಲಿ ಓ ದ ಕೊಲೋನ್ ಎಂಬ ಆ ಹೆಸರೇ ಊರೂರಿಗೆ ಹಬ್ಬಿತು. ಹೀಗೆ ಇಟಲಿಯವನ ನೆನಪು ಜರ್ಮನಿಯಲ್ಲಿ ರೂಪ ಪಡೆದು, ಫ್ರೆಂಚ್ ಹೆಸರಿನಲ್ಲಿ ತಿರುಗಾಡಿ, ಕೊಲೋನಿಯ ಎಂದು ಮತ್ತೆ ಇಟಲಿಯ ಮನೆ ಸೇರಿತು.

ಹೆಸರು ಗೊತ್ತಿಲ್ಲದ ಆ ಮೂರನೆಯ ಹಣ್ಣನ್ನು ಕಣ್ಣಾರೆ ನೋಡಿದ್ದು ಜನವರಿಯಲ್ಲಿ, ಇಟಲಿಯ ಕಾಲ್ಬೆರಳಿನಂತಿರುವ ರೆಜ್ಜೋ ಕಲಾಬ್ರಿಯಾದ ಕರಾವಳಿಯಲ್ಲಿ. ಜಗತ್ತಿನ ಬೆರ್ಗಮೊಟ್ ಎಣ್ಣೆಯ ಬಹುಪಾಲು ಸಮುದ್ರಕ್ಕೂ ಬೆಟ್ಟಕ್ಕೂ ನಡುವಿನ ಆ ಕಿರಿದಾದ ಪಟ್ಟಿಯಲ್ಲೇ ಆಗುತ್ತದೆ. ಇದು ಕಹಿ ಕಿತ್ತಳೆಗೂ ನಿಂಬೆಯ ವಂಶಕ್ಕೂ ಆದ ಬೆರಕೆ. ಗಾತ್ರದಲ್ಲಿ ಕಿತ್ತಳೆಯಷ್ಟು, ಬಣ್ಣದಲ್ಲಿ ಹಸಿರು ತಿರುಗಿದ ಹಳದಿ, ತಿರುಳು ತಿನ್ನಲಾಗದಷ್ಟು ಹುಳಿ ಮತ್ತು ಕಹಿ. ತೋಟದವರು ಒಂದು ಹಣ್ಣನ್ನು ಕಿತ್ತು, ಹೆಬ್ಬೆರಳಿನ ಉಗುರಿನಿಂದ ಸಿಪ್ಪೆಯನ್ನು ಗೀರಿ ನನ್ನ ಮೂಗಿನ ಹತ್ತಿರ ಹಿಡಿದರು. ಉಪ್ಪಿನಕಾಯಿಗೆಂದು ಹೇರಳೆಕಾಯಿ ಹೆಚ್ಚುವಾಗ ಅಡುಗೆಮನೆಯೆಲ್ಲ ತುಂಬಿಕೊಳ್ಳುವ ಆ ಘಾಟು ಮಿಶ್ರಿತ ಘಮವನ್ನು ಬಲ್ಲ ಯಾವ ಕನ್ನಡಿಗನಿಗೂ ಮೊದಲ ಕ್ಷಣ ಅದೇ ನೆನಪಾಗುತ್ತದೆ. ಎರಡನೆಯ ಕ್ಷಣದಲ್ಲಿ ಬೆರ್ಗಮೊಟ್ ಬೇರೆ ದಾರಿ ಹಿಡಿಯುತ್ತದೆ: ಹುಳಿಯ ಹಿಂದೆ ಒಂದು ಹೂವು ಇದೆ, ಹೂವಿನ ಹಿಂದೆ ಚಹಾದ ಎಲೆಯಂಥ ಒಂದು ಮೃದುತನ ಇದೆ. ಅರ್ಲ್ ಗ್ರೇ ಚಹಾ ಕುಡಿದವರಿಗೆ ಇದು ಹೊಸದಲ್ಲ, ಏಕೆಂದರೆ ಆ ಚಹಾಕ್ಕೆ ಪರಿಮಳ ಕೊಡುವುದು ಇದೇ ಸಿಪ್ಪೆಯ ಎಣ್ಣೆ.

ಒಂದು ಕಿಲೋ ಎಣ್ಣೆಗೆ ಸುಮಾರು 200 ಕಿಲೋ ಹಣ್ಣು ಬೇಕು. ಹಿಂದೆ ಹಣ್ಣನ್ನು ಎರಡು ಹೋಳು ಮಾಡಿ, ತಿರುಳನ್ನು ತೋಡಿ ತೆಗೆದು, ಸಿಪ್ಪೆಯನ್ನು ಕಡಲ ಸ್ಪಂಜಿನ ಮೇಲೆ ಕೈಯಿಂದ ಒತ್ತಿ ತಿರುಚುತ್ತಿದ್ದರು. ಸ್ಪಂಜು ಹೀರಿಕೊಂಡ ಎಣ್ಣೆಯನ್ನು ಮಣ್ಣಿನ ಬೋಗುಣಿಗೆ ಹಿಂಡುತ್ತಿದ್ದರು. ರೆಜ್ಜೋದ ನಿಕೋಲಾ ಬರಿಲ್ಲಾ 1844ರಲ್ಲಿ ಇದಕ್ಕೊಂದು ಯಂತ್ರ ಮಾಡಿದ ಮೇಲೆ ಕೈಗಳಿಗೆ ಬಿಡುವು ಸಿಕ್ಕಿತು. ಒಂದು ಮಾತು ಅಂದಿಗೂ ಇಂದಿಗೂ ಬದಲಾಗಿಲ್ಲ: ಈ ಎಣ್ಣೆಗೆ ಬೆಂಕಿ ತೋರಿಸುವುದಿಲ್ಲ, ಒತ್ತಿಯೇ ತೆಗೆಯುತ್ತಾರೆ. ಬಿಸಿ ತಗುಲಿದರೆ ಆ ಹೂವಿನ ಭಾಗ ಕೆಡುತ್ತದೆ. ಹೀಗೆ ಒತ್ತಿ ತೆಗೆದ ಎಣ್ಣೆಯಲ್ಲಿ ಬೆರ್ಗಾಪ್ಟೆನ್ ಎಂಬ ಒಂದು ಅಂಶವೂ ಬರುತ್ತದೆ. ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಉಳಿಯುತ್ತದೆ. ಆದ್ದರಿಂದ ಈಗ ಆ ಅಂಶವನ್ನು ಬೇರ್ಪಡಿಸಿದ ಎಣ್ಣೆಯನ್ನೇ ಹೆಚ್ಚಾಗಿ ಸುಗಂಧಗಳಿಗೆ ಬಳಸುತ್ತಾರೆ. ನಮ್ಮ ಬಿಸಿಲಿನಲ್ಲಿ ಕೊಲೋನ್ ಹಚ್ಚುವವರು ಇದನ್ನು ತಿಳಿದಿರುವುದು ಒಳ್ಳೆಯದು. ಮನೆಯಲ್ಲೇ ಸಿಪ್ಪೆಯೆಣ್ಣೆ ಬೆರೆಸಿಕೊಂಡು ಹಚ್ಚುವ ಸಾಹಸವಂತೂ ಬೇಡ.

ಗಡಿ ಸಿಗದ ಪ್ರಶ್ನೆಗೆ ಉತ್ತರ ಇದ್ದದ್ದು ಈ ಎಣ್ಣೆಯ ಒಳಗೇ. ನಿಂಬೆ, ಕಿತ್ತಳೆಗಳ ಸಿಪ್ಪೆಯ ಎಣ್ಣೆಯಲ್ಲಿ ಹೆಚ್ಚಿನ ಪಾಲು ಲಿಮೊನೀನ್ ಎಂಬ ಒಂದೇ ವಸ್ತು. ಅದರ ಅಣು ಬಹಳ ಚಿಕ್ಕದು ಮತ್ತು ಹಗುರ. ಮೈಯ ಬಿಸಿ ತಗುಲಿದ್ದೇ ತಡ, ಗಾಳಿಗೆ ಹಾರಿಹೋಗುತ್ತದೆ. ಬೆರ್ಗಮೊಟ್‌ನಲ್ಲಿ ಲಿಮೊನೀನಿನ ಜೊತೆಗೆ ಲಿನಲಿಲ್ ಅಸಿಟೇಟ್ ಮತ್ತು ಲಿನಲೂಲ್ ಎಂಬ ಇನ್ನೆರಡು ವಸ್ತುಗಳು ಧಾರಾಳವಾಗಿವೆ; ಹುಳಿಯ ಹಿಂದೆ ನನಗೆ ಸಿಕ್ಕಿದ್ದ ಹೂವು ಅವೇ. ಈಗ ಲ್ಯಾವೆಂಡರ್ ಎಣ್ಣೆಯಲ್ಲಿ ಮುಖ್ಯವಾಗಿ ಏನಿದೆ ಎಂದು ನೋಡಿದರೆ, ಅಲ್ಲಿರುವುದೂ ಅದೇ ಲಿನಲಿಲ್ ಅಸಿಟೇಟ್ ಮತ್ತು ಅದೇ ಲಿನಲೂಲ್. ಒಂದು ಕಡಲ ದಡದ ಹಣ್ಣು, ಇನ್ನೊಂದು ಬೆಟ್ಟದ ಮೇಲಿನ ಒಣ ಪೊದೆಯ ಹೂವು; ಎರಡಕ್ಕೂ ಕುಲ ಬೇರೆ, ನೆಲ ಬೇರೆ, ಆದರೂ ಒಳಗೆ ಹರಿಯುವುದು ಒಂದೇ ರಸ. ಲಿಮೊನೀನ್ ಹಾರಿಹೋದಾಗ ಬೆರ್ಗಮೊಟ್‌ನಲ್ಲಿ ಉಳಿಯುವ ಭಾಗವೂ ಲ್ಯಾವೆಂಡರಿನ ಮುಖ್ಯ ಭಾಗವೂ ಒಂದೇ ಆಗಿರುವುದರಿಂದ, ಹಣ್ಣು ಹೂವಿಗೆ ದಾರಿ ಬಿಟ್ಟುಕೊಟ್ಟದ್ದು ಮೂಗಿಗೆ ತಿಳಿಯುವುದೇ ಇಲ್ಲ. ಸಂಗೀತ ಕೇಳುವವರಿಗೆ ಇದನ್ನು ಹೇಳುವುದು ಸುಲಭ: ಎರಡು ರಾಗಗಳಿಗೆ ಸಮಾನವಾದ ಸ್ವರಗಳ ಮೇಲೆ ನಿಂತು ಗಾಯಕರು ಒಂದರಿಂದ ಇನ್ನೊಂದಕ್ಕೆ ಜಾರಿದಾಗ, ದಾಟಿದ ಮೇಲೆಯೇ ಕೇಳುಗನಿಗೆ ದಾಟಿದ್ದು ಗೊತ್ತಾಗುತ್ತದೆ. ಕ್ಷೌರಿಕರ ಸೇತುವೆಯ ಮಾತಿನಲ್ಲಿ ಇಷ್ಟು ರಸಾಯನಶಾಸ್ತ್ರ ಅಡಗಿತ್ತು.

ಲ್ಯಾವೆಂಡರ್ ಎಂದ ಮಾತ್ರಕ್ಕೆ ಎಲ್ಲ ಲ್ಯಾವೆಂಡರೂ ಒಂದೇ ಅಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಎತ್ತರದ ಬೆಟ್ಟಗಳಲ್ಲಿ ಬೆಳೆಯುವ ಅಸಲಿ ಲ್ಯಾವೆಂಡರಿನಲ್ಲಿ ಕರ್ಪೂರದ ಅಂಶ ಇಲ್ಲವೆನ್ನುವಷ್ಟು ಕಡಿಮೆ. ತಗ್ಗಿನ ಬಯಲುಗಳಲ್ಲಿ ಬೆಳೆಯುವ ಲ್ಯಾವೆಂಡಿನ್ ಎಂಬ ಬೆರಕೆ ತಳಿ ಎಣ್ಣೆಯನ್ನು ಹೆಚ್ಚು ಕೊಡುತ್ತದೆ, ಬೆಲೆಯೂ ಕಡಿಮೆ, ಆದರೆ ಅದರಲ್ಲಿ ಕರ್ಪೂರದ ಘಾಟು ಎದ್ದು ನಿಲ್ಲುತ್ತದೆ. ಅಗ್ಗದ ಸೋಪು, ನೆಲ ಒರೆಸುವ ದ್ರಾವಣಗಳಲ್ಲಿ ನಮಗೆ ಪರಿಚಯವಾಗಿರುವುದು ಹೆಚ್ಚಾಗಿ ಈ ಎರಡನೆಯದೇ, ಅದಕ್ಕೇ ಲ್ಯಾವೆಂಡರ್ ಎಂದರೆ ಎಷ್ಟೋ ಜನ ಮೂಗು ಮುರಿಯುತ್ತಾರೆ. ನನಗೆ ಅಸಲಿಯ ಪರಿಚಯ ಮಾಡಿಸಿದ್ದು ಪಾರ್ಮಾದ ಮನೆಯೊಡತಿ. ಆಕೆ ಕಪಾಟಿನಲ್ಲಿ ಹಾಸಿಗೆಯ ಹೊದಿಕೆಗಳ ಮಡಿಕೆಗಳ ನಡುವೆ ಒಣಗಿದ ಲ್ಯಾವೆಂಡರ್ ಹೂಗಳ ಚಿಕ್ಕ ಬಟ್ಟೆಚೀಲಗಳನ್ನು ಇಡುತ್ತಿದ್ದರು. ನಮ್ಮಲ್ಲಿ ರೇಷ್ಮೆಸೀರೆಗಳ ನಡುವೆ ಲಾವಂಚದ ಬೇರು ಇಡುವುದಿಲ್ಲವೇ, ಹಾಗೆಯೇ. ತೊಳೆಯುವುದು ಎಂಬ ಅರ್ಥದ ಲ್ಯಾಟಿನ್ ಮಾತಿನಿಂದಲೇ ಲ್ಯಾವೆಂಡರ್ ಎಂಬ ಹೆಸರು ಬಂದಿದೆ ಎಂದು ಹೇಳುವುದುಂಟು. ಹೊಸದಾಗಿ ಹಾಸಿದ ಆ ಹೊದಿಕೆಯ ಮೇಲೆ ತಲೆಯಿಟ್ಟ ರಾತ್ರಿ, ಶನಿವಾರದ ನನ್ನ ಕಾಲರು ಯಾವುದರಂತೆ ಇತ್ತೆಂಬುದು ಪೂರ್ತಿ ಅರ್ಥವಾಯಿತು.

ಇದು ಗಂಡಸರ ಸುಗಂಧ ಹೇಗಾಯಿತು? ಫರೀನಾ ಮಾಡಿದ ಕೊಲೋನನ್ನು ಗಂಡಸರೂ ಹೆಂಗಸರೂ ಬಳಸುತ್ತಿದ್ದರು. ನೆಪೋಲಿಯನ್ ಸೀಸೆಗಟ್ಟಲೆ ಸುರಿದುಕೊಳ್ಳುತ್ತಿದ್ದ. ಗಂಡಸಿನ ಮುದ್ರೆ ಬಿದ್ದದ್ದು ಮುಖ್ಯವಾಗಿ ಲ್ಯಾವೆಂಡರಿನಿಂದ ಎಂದು ನನ್ನ ಭಾವನೆ. ಪ್ಯಾರಿಸ್ಸಿನ ಊಬಿಗಾನ್ ಸಂಸ್ಥೆಗಾಗಿ ಪಾಲ್ ಪಾರ್ಕೆ 1882ರಲ್ಲಿ ಬೆರ್ಗಮೊಟ್, ಲ್ಯಾವೆಂಡರ್, ಓಕ್ ಮರದ ಪಾಚಿಗಳ ಜೊತೆಗೆ ಪ್ರಯೋಗಶಾಲೆಯಲ್ಲಿ ತಯಾರಾದ, ಒಣಹುಲ್ಲಿನ ವಾಸನೆಯ ಕೂಮರಿನ್ ಎಂಬ ವಸ್ತುವನ್ನು ಬೆರೆಸಿ ಫೂಝೇರ್ ರೊಯಾಲ್ ಎಂಬ ಸುಗಂಧ ಮಾಡಿದ ಮೇಲೆ, ಕ್ಷೌರದ ಸೋಪು, ಕ್ರೀಮು, ಪೌಡರುಗಳೆಲ್ಲ ಆ ದಾರಿಯನ್ನೇ ಹಿಡಿದವು. ಕ್ಷೌರದ ಕುರ್ಚಿಯೇ ಆ ಕಂಪನ್ನು ಗಂಡಸರದ್ದಾಗಿ ಮಾಡಿತು. ಇತ್ತೀಚಿನ ದಶಕಗಳಲ್ಲಿ ಡೈಹೈಡ್ರೋಮಿರ್ಸಿನಾಲ್ ಎಂಬ ವಸ್ತು ಬಂದಿದೆ. 1982ರ ಡ್ರಕಾರ್ ನ್ವಾರ್, 1988ರ ಕೂಲ್ ವಾಟರ್ ಇವುಗಳಲ್ಲಿ ಅದರದ್ದು ದೊಡ್ಡ ಪಾತ್ರ. ಹುಳಿಹಣ್ಣಿನಂತೆಯೂ ಲ್ಯಾವೆಂಡರಿನಂತೆಯೂ ಏಕಕಾಲಕ್ಕೆ ವಾಸನೆ ಬೀರುವ ಆ ವಸ್ತುವಿನ ಉಪಯೋಗವನ್ನು ನಾನು ಅಲ್ಲಗಳೆಯುವುದಿಲ್ಲ. ಅವೆರಡೂ ತಮ್ಮ ರೀತಿಯಲ್ಲಿ ಗಟ್ಟಿಯಾದ ಸುಗಂಧಗಳೇ. ಆದರೆ ಹಳೆಯ ಶೈಲಿಯದು ಎಂದು ಹೇಳಿಕೊಂಡು ಬರುವ ಎಷ್ಟೋ ಹೊಸ ಸೀಸೆಗಳಲ್ಲಿ ಅದನ್ನೇ ತುಂಬಿರುವುದರಿಂದ, ಬೆಳಿಗ್ಗೆ ಎಂಟು ಗಂಟೆಗೆ ಹೇಗಿತ್ತೋ ಮಧ್ಯಾಹ್ನವೂ ಹಾಗೆಯೇ ಇರುತ್ತದೆ. ಹಣ್ಣು ಹೋಗಿ ಹೂವು ಬರುವ ಆ ಇಪ್ಪತ್ತು ನಿಮಿಷಗಳೇ ಅಲ್ಲಿಲ್ಲ. ಕೊಳ್ಳುವಾಗ ಅಂಗಡಿಯಲ್ಲಿ ಕಾಗದದ ಪಟ್ಟಿ ಮೂಸಿ ದುಡ್ಡು ಕೊಡಬೇಡಿ. ಮಣಿಕಟ್ಟಿಗೆ ಹಾಕಿಸಿಕೊಂಡು, ಹೊರಗೆ ಬಂದು ಒಂದು ಕಾಫಿ ಕುಡಿದು, ಆಮೇಲೆ ಮೂಸಿ ತೀರ್ಮಾನಿಸಿ.

ನನ್ನ ಮೊದಲ ಸೀಸೆಯನ್ನು ನಾನೇ ಕೆಡಿಸಿದೆ. ಆ ಹಳದಿ ದ್ರವದ ಮೇಲೆ ಬಿಸಿಲು ಬಿದ್ದಾಗ ಕಾಣುತ್ತಿದ್ದ ಚಂದಕ್ಕೆ ಮನಸೋತು ಅದನ್ನು ಕಿಟಕಿಯ ಪಕ್ಕ ಇಟ್ಟೆ. ಒಂದು ಬೇಸಿಗೆ ಕಳೆಯುವುದರಲ್ಲಿ ಅದರ ಮೇಲುಭಾಗ ಬಣ್ಣಕ್ಕೆ ಬೆರೆಸುವ ಟರ್ಪೆಂಟೈನಿನಂತೆ ನಾರತೊಡಗಿತ್ತು. ಬೆಳಕು, ಬಿಸಿ, ಸೀಸೆಯೊಳಗಿನ ಗಾಳಿ ಮೂರೂ ಸೇರಿ ಲಿಮೊನೀನನ್ನೂ ಲಿನಲೂಲನ್ನೂ ಉತ್ಕರ್ಷಿಸಿಬಿಡುತ್ತವೆ. ಹಾಗೆ ಹಳಸಿದ್ದನ್ನು ಹಚ್ಚಿದರೆ ಕೆಲವರ ಚರ್ಮಕ್ಕೆ ಅಲರ್ಜಿಯೂ ಆಗುತ್ತದೆ. ಎರಡನೆಯ ಸೀಸೆಯನ್ನು ಪೆಟ್ಟಿಗೆಯ ಸಮೇತ ಬಟ್ಟೆಯ ಬೀರುವಿನ ಕತ್ತಲಲ್ಲಿ ಇಟ್ಟಿದ್ದೇನೆ. ನಾಲ್ಕು ವರ್ಷವಾಯಿತು, ಹಣ್ಣು ಇನ್ನೂ ಹಣ್ಣಾಗಿಯೇ ಇದೆ.

ಮೂರನೆಯದನ್ನು ಮೈಸೂರಿಗೆ ಅಪ್ಪನಿಗೆಂದು ತಂದೆ. ಐವತ್ತು ವರ್ಷಗಳಿಂದ ಮನೆಯಲ್ಲಿ ತಾವೇ ಕ್ಷೌರ ಮಾಡಿಕೊಂಡು, ಪಟಿಕದ ಕಲ್ಲನ್ನು ಒದ್ದೆಮಾಡಿ ಕೆನ್ನೆಗೆ ತೀಡಿಕೊಳ್ಳುವವರು ಅವರು. ಭಾನುವಾರ ಬೆಳಿಗ್ಗೆ ನಾನು ಕ್ಷೌರಿಕರು ಕಲಿಸಿದ ಹಾಗೆಯೇ ಅಂಗೈಗೆ ಸುರಿದು, ತೀಡಿ, ಅವರ ಕೆನ್ನೆಗೂ ಅಂಗಿಯ ಕಾಲರಿಗೂ ತಟ್ಟಿದೆ. "ಆಹಾ, ಕೊಡಗಿನ ಕಿತ್ತಳೆ ಸುಲಿದ ಹಾಗಿದೆ" ಎಂದರು. ಅವರು ದಿನಪತ್ರಿಕೆ ಮುಗಿಸಿ ಕನ್ನಡಕ ತೆಗೆದಿಡುವ ಹೊತ್ತಿಗೆ ಮಾತು ಬೇರೆಯಾಗಿತ್ತು. "ಏನಪ್ಪಾ ಇದು, ಇಷ್ಟು ದುಡ್ಡು ಕೊಟ್ಟು ತಂದಿದೀಯ, ಅರ್ಧ ಗಂಟೆಗೆಲ್ಲ ಹೊರಟೇ ಹೋಯ್ತಲ್ಲ. ನಿಲ್ಲೋದೇ ಇಲ್ಲ." ಈ ದೂರನ್ನು ಎಷ್ಟೋ ಜನರಿಂದ ಕೇಳಿದ್ದೇನೆ. ಕೊಲೋನಿನಲ್ಲಿ ಪರಿಮಳದ ಎಣ್ಣೆಯ ಪಾಲು ಸಾಮಾನ್ಯವಾಗಿ ನೂರಕ್ಕೆ ಎರಡರಿಂದ ಐದರಷ್ಟು ಮಾತ್ರ. ಅತ್ತರಿನಂತೆ ದಿನವಿಡೀ ಕೂಗಿ ಹೇಳುವ ಶಕ್ತಿಯನ್ನು ಅದಕ್ಕೆ ಕೊಟ್ಟೇ ಇಲ್ಲ. ಬಂದು ಮೈಮನಸ್ಸುಗಳನ್ನು ತೊಳೆದು ಹೊರಡುವುದೇ ಅದರ ಕೆಲಸ. ಇದನ್ನೆಲ್ಲ ಅಪ್ಪನಿಗೆ ವಿವರಿಸಿ ಹೇಳಿದೆ. ಅವರು ಹೂಂ ಎಂದು ತೋಟಕ್ಕೆ ನೀರು ಬಿಡಲು ಹೋದರು.

ಅವರಿಗೆ ಹೇಳದೆ ಉಳಿದ ಸಂಗತಿ ಒಂದಿತ್ತು. ಲಿಮೊನೀನಿನ ಅಣುವಿನಲ್ಲಿ ಇಂಗಾಲದ 10 ಪರಮಾಣುಗಳಿದ್ದರೆ, ಶ್ರೀಗಂಧದ ಮುಖ್ಯ ಅಂಶವಾದ ಸ್ಯಾಂಟಲಾಲ್‌ನಲ್ಲಿ 15 ಇವೆ. ಲಾವಂಚದ ಎಣ್ಣೆಯ ಅಣುಗಳೂ ಅಂಥ ಭಾರದವೇ. ಅವು ಅಷ್ಟು ಸುಲಭವಾಗಿ ಗಾಳಿಗೆ ಏಳುವುದಿಲ್ಲ, ಬಟ್ಟೆಯ ಎಳೆಯಲ್ಲಿ ಅವಿತು ಕೂರುತ್ತವೆ. ಮೊದಲ ಮಹಾಯುದ್ಧದಿಂದಾಗಿ ಗಂಧದ ಮರವನ್ನು ಯುರೋಪಿಗೆ ಕಳಿಸುವ ದಾರಿ ಮುಚ್ಚಿಹೋದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನವು ಗಂಧದೆಣ್ಣೆಯನ್ನು ತಾನೇ ಬಟ್ಟಿ ಇಳಿಸಲು ತೊಡಗಿದ್ದು 1916ರಲ್ಲಿ; ಪಾರ್ಮಾದಲ್ಲಿ ಕೊಲೋನಿಯ ಹುಟ್ಟಿದ ವರ್ಷವೂ ಅದೇ. ಅಪ್ಪ ಚಿಕ್ಕಂದಿನಿಂದ ಆ ಗಂಧದೆಣ್ಣೆಯ ಕಾರ್ಖಾನೆಯ ಗಾಳಿ ಕುಡಿದು ಬೆಳೆದವರು. ಬೇಸಿಗೆಯಲ್ಲಿ ಮಣ್ಣಿನ ಹೂಜಿಗೆ ಲಾವಂಚದ ಬೇರು ಹಾಕುವುದನ್ನು ಇಂದಿಗೂ ಬಿಟ್ಟಿಲ್ಲ.

ಮರುದಿನ ಬೆಳಿಗ್ಗೆ ಅಮ್ಮ ಒಗೆಯುವ ಬಟ್ಟೆಗಳನ್ನು ಒಟ್ಟುಮಾಡುತ್ತಿದ್ದವರು ಅಪ್ಪನ ಅಂಗಿ ಕೈಗೆ ಬಂದಾಗ ನಿಂತರು. ಕಾಲರನ್ನು ಮೂಗಿನ ಹತ್ತಿರ ತಂದರು. "ಇದನ್ನ ಗಂಧದ ಪೆಟ್ಟಿಗೇಲಿ ಇಟ್ಟಿದ್ರಾ?" ಎಂದು ಕೇಳಿದರು. ಅಪ್ಪ ಕಾಫಿಯ ಲೋಟವನ್ನು ಕೆಳಗಿಟ್ಟು ಎದ್ದು ಬಂದು, ಅಂಗಿಯನ್ನು ಅವರ ಕೈಯಿಂದ ತೆಗೆದುಕೊಂಡು ತಾವೂ ಮೂಸಿದರು. ಇನ್ನೊಮ್ಮೆ ಮೂಸಿದರು. ನನ್ನ ಕಡೆ ನೋಡಿದರು, ಏನೂ ಹೇಳಲಿಲ್ಲ. ಆ ಅಂಗಿ ಅಂದು ಒಗೆಯಲು ಹೋಗಲಿಲ್ಲ; ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದನ್ನು ನಾನು ಊರು ಬಿಡುವಾಗಲೂ ನೋಡಿದೆ.